ಓದದೆ ಕಿತ್ತ ನೋಟಿಸು

“ನನ್ನಲ್ಲೂ ತಪ್ಪಿದೆ. ಹೀಗಿರುವಾಗ ಎದುರಿನವಳು ಕ್ಷಮೆ ಕೇಳಲೇಬೇಕೆಂದು ಒತ್ತಾಯಿಸುವ ಹಕ್ಕು ನನಗಿದೆಯೇ?” ಎಂದು ಶಿಷ್ಯೆ ಕೇಳಿದಳು. ಹಿಂದಿನ ದಿನ ಅವಳಿಗೂ ಜೊತೆಯ ಶಿಷ್ಯೆಗೂ ಮಾತಿಗೆ ಮಾತು ಬೆಳೆದಿತ್ತು. ಬೆಳಗಿನ ಊಟಕ್ಕೆ ಇಬ್ಬರೂ ಬೇರೆ ಬೇರೆ ಪಂಕ್ತಿಯಲ್ಲಿ ಕುಳಿತಿದ್ದರು.

ಗುರುಗಳು ಒಂದು ಕತೆ ಹೇಳಿದರು.

ಒಂದು ಊರಿನಲ್ಲಿ ಒಬ್ಬ ಗೃಹಿಣಿ ಇದ್ದಳು. ಹೆಸರಾದ ಮನೆತನ. ಅವಳ ಮಾವನ ತಂದೆ ಆ ಬೀದಿಯ ಮೊದಲ ಮನೆ ಕಟ್ಟಿದವರು. ರಸ್ತೆಗೆ ಅಗಲ ಸಾಲದಾದಾಗ ತಮ್ಮ ನಿವೇಶನದಲ್ಲೇ ಆರಡಿ ಬಿಟ್ಟುಕೊಟ್ಟವರು. ಮಾವ ಮೂವತ್ತು ವರ್ಷ ಹೈಸ್ಕೂಲಿನ ಮುಖ್ಯೋಪಾಧ್ಯಾಯರಾಗಿದ್ದರು. ಮೂರು ತಲೆಮಾರಿನಲ್ಲಿ ಆ ಮನೆಯವರು ಯಾರೆದುರೂ ತಲೆ ತಗ್ಗಿಸಿದ್ದಿಲ್ಲ, ತಗ್ಗಿಸುವಂಥದ್ದನ್ನು ಮಾಡಿದ್ದೂ ಇಲ್ಲ ಎಂದು ಅವಳು ನಂಬಿದ್ದಳು.

ಮನೆ ಬೀದಿಯ ಮೂಲೆಯಲ್ಲಿತ್ತು. ಕಾಂಪೌಂಡ್ ಗೋಡೆಗೆ ವರ್ಷಕ್ಕೊಮ್ಮೆ ಸುಣ್ಣ ಹೊಡೆಸುತ್ತಿದ್ದಳು. ಅದರ ಮೇಲೆ ಸಿನಿಮಾದ್ದೋ ಚುನಾವಣೆಯದ್ದೋ ಕಾಗದ ಕಂಡರೆ, ಕಾಫಿ ಕುಡಿಯುವ ಮೊದಲೇ ನೀರು ಚಿಮುಕಿಸಿ ಕೆರೆದು ತೆಗೆಯುತ್ತಿದ್ದಳು. ಓದುತ್ತಿರಲಿಲ್ಲ. ಕೇಳದೆ ಅಂಟಿಸಿದ್ದನ್ನು ಓದಿದರೆ ಅಂಟಿಸಿದವನಿಗೆ ಮರ್ಯಾದೆ ಕೊಟ್ಟಂತಾಗುತ್ತದೆ ಎಂಬುದು ಅವಳ ಎಣಿಕೆ.

ಆ ಊರಿನ ನಗರಸಭೆಯಲ್ಲಿ ಒಂದು ನಿಯಮವಿತ್ತು. ಮನೆಗಳಿರುವ ಬೀದಿಯಲ್ಲಿ ಮೊಬೈಲ್ ಟವರ್ ನಿಲ್ಲಿಸುವುದಾದರೆ, ಮೊದಲು ಅಲ್ಲಿ ಎಲ್ಲರಿಗೂ ಕಾಣುವಂತೆ ನೋಟಿಸು ಅಂಟಿಸಬೇಕು. ಅದು ಹದಿನೈದು ದಿನ ಅಲ್ಲೇ ಇರಬೇಕು. ಅಷ್ಟರಲ್ಲಿ ಯಾರೂ ಆಕ್ಷೇಪಿಸದಿದ್ದರೆ ಅನುಮತಿ ಕೊಡಬಹುದು.

ಒಂದು ದಿನ ಬೀದಿಯ ಹಳೆಯ ಬಾಡಿಗೆ ಮನೆಯ ತಾರಸಿಗೆ ಟವರಿನ ಕಬ್ಬಿಣದ ಕಂಬಗಳು ಏರಿದವು. ಕೆಳಗೆ ಅಂಗನವಾಡಿ ನಡೆಯುತ್ತಿತ್ತು. ವಾರದೊಳಗೆ ಛಾವಣಿಯ ಒಳಭಾಗದಲ್ಲಿ ಬಿರುಕು ಕಾಣಿಸಿತು. ಟೀಚರ್ ಹದಿನೆಂಟು ಮಕ್ಕಳನ್ನೂ ಹೊರಗಿನ ಜಗಲಿಗೆ ಸಾಗಿಸಿದಳು.

ಗೃಹಿಣಿ ಇಸ್ತ್ರಿ ಮಾಡಿದ ಸೀರೆಯುಟ್ಟು ನಗರಸಭೆಗೆ ಹೋದಳು. ನಮ್ಮ ಬೀದಿಗೆ ನೋಟಿಸೇ ಬಂದಿಲ್ಲ ಎಂದು ಅಧಿಕಾರಿಯ ಮುಂದೆ ಗಟ್ಟಿಯಾಗಿ ಹೇಳಿದಳು. ಅವನು ಕಡತ ಬಿಚ್ಚಿ ಒಂದು ಫೋಟೋ ತೋರಿಸಿದ. ಬಿಳಿ ಗೋಡೆ, ಅದರ ಮೇಲೆ ನೋಟಿಸು, ಕೆಳಗೆ ತಾರೀಖು. ಹಿಂದೆಯೇ ಮಹಜರು: ನೋಟಿಸು ಹದಿನೈದು ದಿನವೂ ಗೋಡೆಯ ಮೇಲಿತ್ತು, ಆಕ್ಷೇಪಣೆ ಬರಲಿಲ್ಲ. ಅದರಡಿಯಲ್ಲಿ ಅವನದೇ ಸಹಿ.

ಗೋಡೆ ಅವಳದು. ಆ ಕಾಗದವನ್ನು ಅಂಟಿಸಿದ ಮರುದಿನವೇ ಕೆರೆದಿದ್ದಳು. ಅಂಟು ಇನ್ನೂ ಹಸಿಯಾಗಿತ್ತು. ಅವಳು ಮನೆಗೆ ಬಂದಳು.

ಕೆರೆದದ್ದನ್ನು ಯಾರೂ ನೋಡಿರಲಿಲ್ಲ. ಸುಮ್ಮನಿದ್ದರೆ ಮನೆತನದ ಹೆಸರು ಉಳಿಯುತ್ತಿತ್ತು. ಮಕ್ಕಳ ತಲೆಯ ಮೇಲಿನ ಬಿರುಕೂ ಉಳಿಯುತ್ತಿತ್ತು.

ಮರುದಿನ ಅವಳು ಪಕ್ಕದ ಮನೆಯ ಬಾಗಿಲು ತಟ್ಟಿದಳು. ಬೀದಿಯಲ್ಲಿ ಅವಳದು ಬಿಟ್ಟು ಹನ್ನೊಂದು ಮನೆ. ಪ್ರತಿ ಹೊಸಿಲಿನ ಹೊರಗೂ ನೆಟ್ಟಗೆ ನಿಂತು ಒಂದೇ ಮಾತು ಹೇಳಿದಳು: “ಟವರಿನ ನೋಟಿಸು ಬಂದಿತ್ತು. ಓದದೆ ಕಿತ್ತವಳು ನಾನು. ತಪ್ಪಾಯಿತು, ಕ್ಷಮಿಸಿ.”

ಕೊನೆಯದು ದರ್ಜಿಯ ಮನೆ. ಅವನ ಮಗಳು ಅಂಗನವಾಡಿಗೆ ಹೋಗುತ್ತಿದ್ದಳು. ದರ್ಜಿಯ ಹೆಂಡತಿ ಸೊಂಟಕ್ಕೆ ಕೈಯಿಟ್ಟು ಕೇಳಿದಳು: “ಅಲ್ರೀ ಅಮ್ಮಾವ್ರೇ, ನಮ್ಮ ಹುಡುಗಿ ನಿಮ್ಮ ಗೋಡೆ ಮುಟ್ಟಿದ್ರೂ ಗದರಿಸ್ತಿದ್ರಿ. ಈಗ ಅದೇ ಗೋಡೆ ನಿಮ್ಮನ್ನ ನಮ್ಮ ಬಾಗಿಲಿಗೆ ಕಳಿಸ್ತಾ?”

“ಹೌದು, ಕಳಿಸಿತು.”

“ಹಾಗಾದ್ರೆ ಒಳಗೆ ಬನ್ನಿ. ಹೊಸಿಲಾಚೆ ನಿಂತು ಕೇಳೋ ಕ್ಷಮೆ ನಮಗೆ ಬೇಡ.”

ಆ ಮನೆಯೊಳಕ್ಕೆ ಅವಳು ಅದುವರೆಗೆ ಕಾಲಿಟ್ಟಿರಲಿಲ್ಲ. ಒಳಗೆ ಹೋದಳು. ಹೊಲಿಗೆ ಯಂತ್ರದ ಪಕ್ಕದಲ್ಲಿ ನಿಂತು ಇನ್ನೊಮ್ಮೆ ಕೇಳಿದಳು.

ಅಂದೇ ಮಧ್ಯಾಹ್ನ ಹನ್ನೊಂದು ಮನೆಯವರೂ ಸಹಿ ಮಾಡಿದ ಆಕ್ಷೇಪಣೆಯನ್ನು ಅಧಿಕಾರಿಯ ಮೇಜಿನ ಮೇಲಿಟ್ಟಳು. “ನೋಟಿಸು ಅಂಟಿಸಿದ ಮರುದಿನವೇ ನಾನು ಕಿತ್ತೆ. ಇಲ್ಲದ ಕಾಗದ ಇತ್ತೆಂದು ಹದಿನಾಲ್ಕು ದಿನಕ್ಕೆ ಸಹಿ ಹಾಕಿದವರು ನೀವು. ಒಮ್ಮೆಯಾದರೂ ಬಂದು ನೋಡಿದಿರಾ?”

ಅಧಿಕಾರಿ ನಕ್ಕ. “ಚೆನ್ನಾಗಿದೆ ಮೇಡಂ! ಕಿತ್ತಿದ್ದು ನೀವು, ಪಾಠ ನನಗಾ? ನಿಮ್ಮ ಮೇಲೇ ಕೇಸು ಹಾಕಬಹುದು, ಗೊತ್ತಾ?”

“ಹಾಕಿ. ನಾನು ಕಿತ್ತೆನೆಂದು ಈಗಲೇ ಬರೆದುಕೊಡುತ್ತೇನೆ. ನನ್ನ ತಪ್ಪಿಗೆ ಹನ್ನೊಂದು ಮನೆಯಲ್ಲಿ ಕ್ಷಮೆ ಕೇಳಿ ಬಂದಿದ್ದೇನೆ. ನಿಮ್ಮದು ಬಾಕಿಯಿದೆ. ಆ ಕಂಬಗಳನ್ನು ಇಳಿಸಿ, ಬೀದಿಯವರ ಮಾತು ಕೇಳಿ. ಅದಕ್ಕೂ ಮೊದಲು ನೀವೇ ಬಂದು ನಮ್ಮ ಬೀದಿಯ ಕ್ಷಮೆ ಕೇಳಬೇಕು.”

ಹಾಗೆಂದು ಅವಳು ಎದುರಿನ ಕುರ್ಚಿಯಲ್ಲಿ ಕುಳಿತಳು. ಅಧಿಕಾರಿಯ ನಗು ನಿಂತಿತು.

ಗುರುಗಳು ಅಲ್ಲಿಗೆ ಕತೆ ನಿಲ್ಲಿಸಿದರು.

“ಅವನು ಕ್ಷಮೆ ಕೇಳಿದನೇ?” ಎಂದು ಶಿಷ್ಯೆ ಆತುರದಿಂದ ಕೇಳಿದಳು. “ಅವಳಿಗಿದ್ದ ಹಕ್ಕು ನನಗೂ ಇದೆ ತಾನೆ?”

“ಇದೆ. ಈಗ ನೀನು ನನ್ನ ಬಳಿಗೆ ಬಂದದ್ದು ನಿನ್ನ ಜೊತೆಯವಳ ಕೋಣೆಯಿಂದಲೋ, ನಿನ್ನ ಕೋಣೆಯಿಂದಲೋ?”

ಶಿಷ್ಯೆ ಎದ್ದು ಜೊತೆಯವಳ ಕೋಣೆಯತ್ತ ನಡೆದಳು.