ಓಡಾಡುವ ಕೋವಿ

ದೇಚಮ್ಮ ತನ್ನ ಗುರುವನ್ನು ಕೇಳಿದಳು:

"ಮಾವ, ಒಂದೊಂದು ಗುಂಡು ಹಾರಿಸಿದ ಮೇಲೂ ಅದು ಎಲ್ಲಿ ಬಿತ್ತು ಅಂತ ನೋಡಿ, ರೈಫಲ್ಲಿನ ಗುರಿಯ ತಿರುಪನ್ನು ಅದಕ್ಕೆ ತಕ್ಕಷ್ಟೇ ತಿರುಗಿಸಿ ಸರಿ ಮಾಡ್ತೀನಿ. ಆದರೂ ಗುಂಡುಗಳು ಕಾಗದದ ತುಂಬಾ ಚೆಲ್ಲಾಪಿಲ್ಲಿ. ಸರಿ ಮಾಡಿದಷ್ಟೂ ಚದುರುತ್ತವೆ. ನಾಳೆ ಬೆಳಿಗ್ಗೆ ಜಿಲ್ಲಾ ತಂಡದ ಆಯ್ಕೆ. ಉಳಿದಿರೋದು ಒಂದೇ ಜಾಗ. ಇನ್ನು ಹೇಗೆ ಸರಿ ಮಾಡಲಿ?"

ಗುರು ಎಂದರೆ ಅವಳ ತಾಯಿಯ ಅಣ್ಣ, ಊರಿನ ರೈಫಲ್ ಕ್ಲಬ್ಬಿನಲ್ಲಿ ಗುರಿ ಕಲಿಸುವ ಪೂಣಚ್ಚನವರು. ಪ್ರಾಯದಲ್ಲಿ ಹಾರುವ ಸೊಳ್ಳೆಯ ಎಡ ಮೀಸೆಯನ್ನು ಹೊಡೆದು ಬಲ ಮೀಸೆಯನ್ನು ಹಾಗೇ ಉಳಿಸಿದವರು. ಇದಕ್ಕೆ ಸಾಕ್ಷಿ ಆ ಸೊಳ್ಳೆ ಒಂದೇ. ಅದು ಈಗ ಇಲ್ಲ.

ಪೂಣಚ್ಚನವರು ರೈಫಲ್ಲಿನ ಕಡೆ ನೋಡಲೇ ಇಲ್ಲ.

"ಕೂತುಕೋ. ಒಂದು ಕತೆ ಹೇಳುತ್ತೇನೆ. ಇದರಲ್ಲಿ ಸುಳ್ಳು ಒಂದೇ ಒಂದು ಚಿಟಿಕೆ. ಅಷ್ಟೂ ಇಲ್ಲದಿದ್ದರೆ ರುಚಿಸುವುದಿಲ್ಲ," ಎಂದರು.

ಒಬ್ಬ ರೈತನಿದ್ದ. ಕಾಡಿನ ಅಂಚಿನಲ್ಲಿ ಅವನ ಗೆಣಸಿನ ಹೊಲ. ಒಂದು ಹಂದಿ ದಿನಾ ಸಂಜೆ ಬಂದು, ಹೊಲದ ಮೂಲೆಯ ಮಣ್ಣಿನ ದಿಬ್ಬದ ಮುಂದೆ ನಿಂತು ಗೆಣಸು ಅಗೆದು ತಿನ್ನುತ್ತಿತ್ತು. ಆ ವರ್ಷ ಮನೆಯವರ ಹೊಟ್ಟೆಗೆ ಇದ್ದದ್ದು ಆ ಗೆಣಸೊಂದೇ.

ರೈತನ ಬಳಿ ಒಂದು ಒಂಟಿ ನಳಿಗೆಯ ಕೋವಿ ಇತ್ತು. ನಳಿಗೆಯ ತುದಿಯಲ್ಲಿ ಗುರಿ ನೋಡಲು ಒಂದು ಪುಟ್ಟ ಹಿತ್ತಾಳೆ ಮೊಳೆ. ಗುಂಡು ಯಾವ ಕಡೆ ಹೋಯಿತೋ ಆ ಕಡೆಗೇ ಮೊಳೆಯನ್ನು ತಟ್ಟಿದರೆ ಮುಂದಿನ ಗುಂಡು ಸರಿಹೋಗುತ್ತದೆ. ಇದು ಕೋವಿ ಹಿಡಿದವರಿಗೆಲ್ಲ ಗೊತ್ತಿರುವ ವಿದ್ಯೆ. ರೈತನಿಗೂ ಗೊತ್ತಿತ್ತು. ಒಂದು ಈಡು ಹೊಡೆದ, ಎಡಕ್ಕೆ ಹೋಯಿತು. ಸುತ್ತಿಗೆಯಿಂದ ಮೊಳೆಯನ್ನು ಎಡಕ್ಕೆ ತಟ್ಟಿದ. ಮರುದಿನ ಹೊಡೆದ, ಬಲಕ್ಕೆ ಹೋಯಿತು. ಬಲಕ್ಕೆ ತಟ್ಟಿದ. ಹೀಗೇ ನಡೆಯಿತು.

ಹಂದಿ ಮೊದಮೊದಲು ಈಡಿನ ಸದ್ದಿಗೆ ಓಡುತ್ತಿತ್ತು. ಆಮೇಲೆ, ಈ ರೈತ ಗುರಿ ಇಟ್ಟ ಜಾಗಕ್ಕಿಂತ ಕ್ಷೇಮವಾದ ಜಾಗ ಸೀಮೆಯಲ್ಲೇ ಇಲ್ಲ ಎಂದು ಅದಕ್ಕೆ ತಿಳಿಯಿತು. ಓಡುವುದನ್ನು ಬಿಟ್ಟಿತು.

ಒಂದು ದಿನ ರೈತನ ಹೆಂಡತಿ ಕೇಳಿದಳು:

"ಏನದು ಬೆಳಿಗ್ಗೆ ಬೆಳಿಗ್ಗೆ ಟಕ ಟಕ?"

"ಕೋವಿ ಸರಿ ಮಾಡ್ತಿದ್ದೀನಿ. ನಿನ್ನೆ ಎಡಕ್ಕೆ ಹೋಯ್ತು."

"ಮೊನ್ನೆ ಬಲಕ್ಕೆ ಹೋಗಿತ್ತಲ್ಲ?"

"ಅದನ್ನ ತಿದ್ದಿದ್ದಕ್ಕೇ ಎಡಕ್ಕೆ ಹೋಗಿದ್ದು."

"ಹಂದಿ ನಿಂತಲ್ಲೇ ನಿಂತಿದೆ. ಓಡಾಡ್ತಿರೋದು ನಿಮ್ಮ ಕೋವಿ," ಎಂದಳು ಅವಳು. "ನೀವು ಸಾಕ್ತಿರೋದು ಹಂದಿನೋ ನನ್ನನ್ನೋ ತಿಳೀತಿಲ್ಲ. ಅದು ಬಿದ್ದ ದಿನ ಬಂದು ಕರೀರಿ."

ಬಟ್ಟೆಬರೆ ಗಂಟು ಕಟ್ಟಿದಳು. ಆ ಟಕಟಕ ಕೇಳಿ ಕೇಳಿ ರೋಸಿಹೋಗಿದ್ದಳು. ಸುತ್ತಿಗೆಯನ್ನೂ ಗಂಟಿಗೆ ಹಾಕಿಕೊಂಡು ತವರಿಗೆ ನಡೆದಳು.

ರೈತ ಕಲ್ಲು ತೆಗೆದುಕೊಂಡು ಮೊಳೆ ತಟ್ಟಲು ನೋಡಿದ. ಮೊಳೆ ಕದಲಲಿಲ್ಲ, ಹೆಬ್ಬೆರಳು ಜಜ್ಜಿಹೋಯಿತು. ಬಿಟ್ಟ.

ಈಗ ಅವನಿಗೆ ತಿದ್ದಲು ಏನೂ ಉಳಿಯಲಿಲ್ಲ. ಸಂಜೆ ಹೊಡೆಯುತ್ತಿದ್ದ, ಬೆಳಿಗ್ಗೆ ಹೋಗಿ ದಿಬ್ಬದಲ್ಲಿನ ತೂತು ನೋಡುತ್ತಿದ್ದ. ಮೊದಲಾದರೆ ತೂತು ಕಂಡ ಕೂಡಲೇ ಕೈ ಸುತ್ತಿಗೆಗೆ ಹೋಗುತ್ತಿತ್ತು. ಈಗ ಹೋಗಲು ಜಾಗವಿಲ್ಲದೆ, ನಿನ್ನೆ ತಾನು ಹೇಗೆ ಹೊಡೆದೆ ಎಂದು ಯೋಚಿಸಬೇಕಾಯಿತು. ಓಡಿಬಂದು ಏದುಸಿರಿನಲ್ಲಿ ಹೊಡೆದ ದಿನ ಗುಂಡು ಮೇಲೆ ಹೋಗಿತ್ತು. ಸಿಟ್ಟಿನಲ್ಲಿ ಟ್ರಿಗರ್ ಜಗ್ಗಿದ ದಿನ ಬಲಕ್ಕೆ. ಸದ್ದಿಗೆ ಮೊದಲೇ ಹೆದರಿ ಕಣ್ಣು ಮುಚ್ಚಿದ ದಿನ ತೂತೇ ಸಿಕ್ಕಿರಲಿಲ್ಲ. ಆ ಗುಂಡು ಇನ್ನೂ ಹಾರುತ್ತಿದೆಯಂತೆ.

ಅಲ್ಲಿಂದ ಮುಂದೆ ಬೇಗ ಬಂದು ಕೂರತೊಡಗಿದ. ದಿನಾ ಅದೇ ಕಲ್ಲಿಗೆ ಒರಗಿದ. ಕೋವಿಯ ಬುಡವನ್ನು ಹೆಗಲಿನ ಅದೇ ಗುಳಿಗೆ ಒತ್ತಿದ. ಉಸಿರು ಅರ್ಧ ಬಿಟ್ಟು ನಿಲ್ಲಿಸಿ, ಎಳಗರುವಿನ ಹಸುವಿನ ಕೆಚ್ಚಲು ಹಿಂಡಿದ ಹಾಗೆ ಮೆಲ್ಲಗೆ ಟ್ರಿಗರ್ ಒತ್ತಿದ. ದಿಬ್ಬದ ತೂತುಗಳು ಒಂದರ ಹತ್ತಿರ ಒಂದು ಬಂದವು. ಕೊನೆಗೆ ಒಂದು ಬೆಂಕಿಪೊಟ್ಟಣ ಇಟ್ಟರೆ ಎಲ್ಲ ಮುಚ್ಚಿಹೋಗುವಷ್ಟು ಒತ್ತಾದವು.

ಆದರೆ ಆ ಜಾಗ ಹಂದಿಗಿಂತ ಒಂದು ಗೇಣು ಎಡಕ್ಕಿತ್ತು. ಹಂದಿ ನೆಮ್ಮದಿಯಾಗಿ ತಿನ್ನುತ್ತಲೇ ಇತ್ತು.

ರೈತ ಮಾವನ ಮನೆಗೆ ಹೋದ. ಹೆಂಡತಿ ಬಾಗಿಲಲ್ಲೇ ತಡೆದಳು.

"ಹಂದಿ ಬಿತ್ತಾ?"

"ಇಲ್ಲ."

"ಮತ್ತೆ ಯಾವ ಸೌಭಾಗ್ಯಕ್ಕೆ ಹಲ್ಲು ಕಿರೀತಾ ಬಂದ್ರಿ?"

"ಎಲ್ಲಾ ಈಡೂ ತಪ್ತಿದೆ ಕಣೇ. ಆದ್ರೆ ಎಲ್ಲಾ ಒಂದೇ ಕಡೆ ತಪ್ತಿದೆ! ಸುತ್ತಿಗೆ ಕೊಡು."

ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿದಳು. ಒಳಗೆ ಹೋಗಿ ಸುತ್ತಿಗೆ ತಂದಳು. ಇನ್ನೊಂದು ಕೈಯಲ್ಲಿ ಬಟ್ಟೆಯ ಗಂಟೂ ಇತ್ತು.

ರೈತ ಮನೆಗೆ ಬಂದು ಮೊಳೆಯನ್ನು ಎಡಕ್ಕೆ ಒಂದೇ ಸಲ ತಟ್ಟಿದ. ಆ ಸಂಜೆ ಒಂದೇ ಈಡು ಕೇಳಿಸಿತು. ಮರುದಿನ ಊರೆಲ್ಲ ಅವರ ಮನೆಯಲ್ಲಿ ಉಂಡಿತು. "ನಮ್ಮ ಅಜ್ಜ ಆಗಿನ್ನೂ ಹುಟ್ಟಿರಲಿಲ್ಲ," ಎಂದರು ಪೂಣಚ್ಚನವರು. "ಆದರೂ ಹೋಗಿದ್ದರು. ಎರಡು ಸಲ ಬಡಿಸಿಕೊಂಡರು."

ದೇಚಮ್ಮನಿಗೆ ನಗು ಬಂತು. ನಾಳೆಯ ನೆನಪಾಗಿ ಅದು ಅಲ್ಲೇ ನಿಂತಿತು.

"ಅವನಿಗೆ ದಿನಾ ಒಂದು ಸಂಜೆ ಇತ್ತು ಮಾವ. ನನಗಿರೋದು ಒಂದೇ ಬೆಳಿಗ್ಗೆ. ಲೆಕ್ಕಕ್ಕೆ ಹಿಡಿಯೋ ಮೊದಲು ಅಂದಾಜಿಗೆ ಅಂತ ಹತ್ತು ಗುಂಡು ಕೊಡ್ತಾರೆ. ಆ ಹತ್ತರಲ್ಲೂ ತಿರುಪು ಮುಟ್ಟದೆ, ಎಲ್ಲರ ಎದುರಿಗೆ ಸುಮ್ಮನೆ ತಪ್ಪು ಮಾಡ್ತಾ ಕೂರಲಾ?"

ಪೂಣಚ್ಚನವರು ಹೇಳಿದರು: "ಹತ್ತು ತಪ್ಪು ಮಾಡಬೇಡ ಮಗಳೇ, ಒಂದೇ ತಪ್ಪನ್ನು ಹತ್ತು ಸಲ ಮಾಡು."