ಹಿತ್ತಿಲ ಹೊಂಡಕ್ಕೆ ಮೆಟ್ಟಿಲು

ಕೌದಿ ಸರಿಯಾಗಿ ಹೊದ್ಕೋ, ಹೇಳ್ತೀನಿ. ನಮ್ಮಜ್ಜಿಯ ಅಜ್ಜಿ ಇನ್ನೂ ಹುಟ್ಟಿರದೇ ಇದ್ದ ಒಂದು ಕಾಲದಲ್ಲಿ, ಒಂದೂರಿನ ಕುಂಬಾರಗೇರೀಲಿ ದೇವೀರಮ್ಮ ಅಂತ ಒಬ್ಬಳು ಇದ್ಲಂತೆ. ಗಂಡ ಚನ್ನಯ್ಯ ತಿಗರಿ ಮೇಲೆ ಮಡಕೆ ಮಾಡೋನು, ಇವಳು ಮಣ್ಣು ತುಳಿದು ಹದ ಮಾಡಿ ಕೊಡೋಳು. ಇಬ್ಬರಿಗೂ ಒಬ್ಬಳೇ ಮಗಳು, ನಾಲ್ಕು ವರ್ಷದ ಮುತ್ತಿ. ಮಡಕೆಗೆ ಬೇಕಾದ ಜೇಡಿಮಣ್ಣು ಅವರ ಹಿತ್ತಿಲಲ್ಲೇ ಸಿಕ್ತಿತ್ತಂತೆ. ಅಗೆದೂ ಅಗೆದೂ ಅಲ್ಲೊಂದು ಗುಂಡಿ ಆಯ್ತು, ಆಮೇಲೆ ಮಳೆ ಬಂದು ಗುಂಡಿ ತುಂಬಿ ಹೊಂಡ ಆಯ್ತು, ಬೇಸಿಗೆ ಬಂದ್ರೂ ಬತ್ತಲಿಲ್ಲ. ದೇವೀರಮ್ಮ ತವರಿಂದ ತಾವರೆ ಗೆಡ್ಡೆ ತಂದು ಅದರೊಳಗೆ ಊರಿದ್ಲಂತೆ.

ಮುಂದಿನ ವರ್ಷ ಹೂವು ಬಿಡ್ತು. ಮುತ್ತಿ ಹೂವು ಬೇಕು ಅಂತು. ಈ ಮಣ್ಣೊಂದು ತುಳಿದು ಬರ್ತೀನಿ ತಾಳು ಅಂದ್ಲಂತೆ ತಾಯಿ. ಮಗು ತಾಳಲಿಲ್ಲ. ಜೇಡಿಮಣ್ಣಿನ ದಡ, ಒದ್ದೆ ಆದ್ರೆ ಎಣ್ಣೆ ಸವರಿದ ಹಾಗೆ ಜಾರುತ್ತೆ, ಹಿಡ್ಕೊಳ್ಳೋಕೆ ಒಂದು ಬೇರೂ ಇಲ್ಲ. ದೇವೀರಮ್ಮ ಕಾಲು ತೊಳ್ಕೊಂಡು ಬರೋ ಹೊತ್ತಿಗೆ ನೀರು ಸುಮ್ಮನಾಗಿತ್ತಂತೆ. ದಡದಲ್ಲಿ ಪುಟ್ಟ ಬೆರಳುಗಳ ಗೀರು ಮಾತ್ರ ಮೇಲಿಂದ ಕೆಳಗೆ ಎಳೆದ ಹಾಗೆ ಇತ್ತಂತೆ.

ಪಕ್ಕದ ಮನೇಲಿ ಓರಗಿತ್ತಿ ಕಾಳಮ್ಮ ಇದ್ಲು, ಚನ್ನಯ್ಯನ ತಮ್ಮನ ಹೆಂಡ್ತಿ. ಹಿತ್ತಿಲು ಎರಡು ಮನೆಗೂ ಒಂದೇ. ಮಗು ಆಡೋ ಕಡೆ ಹೂವು ನೆಟ್ಟು ಆಸೆ ತೋರಿಸಿದ್ದು ಯಾರು, ಹೆತ್ತವಳೇ ಅಲ್ವಾ ಅಂತ ನೀರು ಸೇದೋ ಕಡೆ ನಾಲ್ಕು ಜನರ ಮುಂದೆ ಅಂದ್ಬಿಟ್ಲಂತೆ ಅವಳು. ಚನ್ನಯ್ಯ ಮಂಕರಿ ತುಂಬ ಮಣ್ಣು ಹೊತ್ತು ಹೊಂಡ ಮುಚ್ಚೋಕೆ ಹೋದ. ದೇವೀರಮ್ಮ ಅಡ್ಡ ಕೂತ್ಲು. ನನ್ನ ಮಗಳ ಕೊನೇ ಕೂಗು ಕೇಳಿರೋದು ಅದೊಂದೇ, ಅದನ್ನ ಮುಚ್ಚಬ್ಯಾಡಿ ಅಂದ್ಲಂತೆ. ಅವನು ಮಂಕರಿ ಅಲ್ಲೇ ಇಳಿಸಿ ಒಳಗೆ ಹೋದನಂತೆ.

ಆಮೇಲೆ ಅವಳು ಅದೇ ಹೊಂಡದ ಮಣ್ಣು ತೆಗೆದು ಒಂದು ಮಗು ಮಾಡಿದ್ಲು. ಮುತ್ತಿಯಷ್ಟೇ ಎತ್ತರ, ಅದೇ ಗುಂಡು ಗಲ್ಲ, ಅದೇ ಮಡಚಿದ ಕಿವಿ. ನೆರಳಲ್ಲಿ ಒಣಗಿಸಿ ದಡದ ಮೇಲೆ ಕೂರಿಸಿ, ದಿನಾ ಸಂಜೆ ಒಂದು ತುತ್ತು ಅನ್ನ ಮುಂದಿಡೋಳಂತೆ. ಒಂದಿನ ಜೋರು ಮಳೆ ಹಿಡೀತು. ಬೆಳಿಗ್ಗೆ ಎದ್ದು ನೋಡ್ತಾಳೆ, ಕಣ್ಣು ಮೂಗು ಎಲ್ಲ ಇಳಿದು ಹೋಗಿ ಬರೀ ಒಂದು ಗುಡ್ಡೆ.

ಸುಟ್ಟಿದ್ರೆ ಕರಗ್ತಿರ್ಲಿಲ್ಲ ಅಂದ್ಕೊಂಡು, ಮಡಕೆ ಸುಡೋ ಗೂಡು ಇರುತ್ತಲ್ಲ, ಆವಿಗೆ ಅಂತಾರೆ, ಅದರಲ್ಲಿ ಇಡೋಕೆ ಎರಡನೇದು ಮಾಡಿದ್ಲು. ಇಷ್ಟು ದಪ್ಪ ಇದ್ರೆ ಆವಿಗೇಲಿ ತಡೆಯಲ್ಲ ದೇವೀರಿ, ಒಳಗೆ ಪೊಳ್ಳು ಬಿಡು ಅಂದನಂತೆ ಚನ್ನಯ್ಯ. ನನ್ನ ಮಗಳನ್ನ ಪೊಳ್ಳು ಮಾಡಲ್ಲ ಅಂದ್ಲಂತೆ ಇವಳು. ಮಡಕೆಗಳ ನಡುವೆ ಇಟ್ಟು ಬೆಂಕಿ ಹಾಕಿದ್ರು. ನಡು ಮಧ್ಯಾಹ್ನ ಆವಿಗೆ ಒಳಗಿಂದ ಫಟ್ ಅಂತ ಸದ್ದು ಬಂತು. ಎಷ್ಟೋ ಮಡಕೆ ಒಡೀತವೆ, ಆದ್ರೆ ಈ ಸದ್ದು ಯಾವುದು ಅಂತ ಇಬ್ಬರಿಗೂ ಗೊತ್ತಾಯ್ತಂತೆ.

ಆವಿಗೆ ಆರಿದ ಮೇಲೆ ಚೂರುಗಳನ್ನೆಲ್ಲ ಸೆರಗಲ್ಲಿ ಆಯ್ಕೊಂಡು ಹೊಂಡಕ್ಕೆ ಬಿಡೋಕೆ ಅಂತ ಹೋದ್ಲು. ದಡದಲ್ಲಿ ಕಾಲು ಜಾರ್ತು. ನೀರು ಎದೆಗೆ ಬಂತು, ಹತ್ತೋಕೆ ಹೋದ್ರೆ ಮತ್ತೆ ಜಾರೋದು, ಉಗುರು ಊರಿದ್ರೆ ಮಣ್ಣೇ ಕೈಗೆ ಬರೋದು. ಕೂಗಿದ್ಲು. ಚನ್ನಯ್ಯ ಓಡಿ ಬಂದು, ಮಡಕೆ ಹೊರೋ ಅಡ್ಡೆ ಕೋಲು ಚಾಚಿ ಎಳೆದನಂತೆ. ದಡದ ಮೇಲೆ ಅವಳು ಬಿದ್ದೇ ಇದ್ಲು. ಆಮೇಲೆ ನಿಧಾನಕ್ಕೆ ಅಂದ್ಲಂತೆ, ಮುತ್ತಿ ಹತ್ತೋಕೆ ನೋಡಿದ್ಲು ಕಣ್ರೀ, ಕಾಲಿಡೋಕೆ ಏನೂ ಇರ್ಲಿಲ್ಲ.

ಮೂರನೇ ಸಲ ಅವಳು ಮಗು ಮಾಡಲಿಲ್ಲ. ದಪ್ಪ ದಪ್ಪ ಇಟ್ಟಿಗೆ ಮಾಡಿದ್ಲು, ಕಾಲು ಜಾರದ ಹಾಗೆ ಮೇಲೆ ಬೆರಳಲ್ಲಿ ಗೀರು ಎಳೆದು ಸುಟ್ಟು, ಹೊಂಡದ ಸುತ್ತಲೂ ಮೆಟ್ಟಿಲು ಕಟ್ಟಿದ್ಲು. ಯಾವ ಕಡೆ ಬಿದ್ರೂ ಕಾಲಿಗೆ ಒಂದು ಮೆಟ್ಟಿಲು ಸಿಗಬೇಕು, ಮಕ್ಕಳ ಕಾಲಿಗೆ ಸಿಗಬೇಕು ಅಂತ ಗೇಣು ಗೇಣಿಗೆ ಒಂದು. ಒಡೆದ ಮಡಕೆಗಳ ಕಂಠ ಇರ್ತಾವಲ್ಲ, ಅವನ್ನ ದಡಕ್ಕೆ ಅರ್ಧ ಹೂತು ಬಳೆ ಸಾಲಿನ ಹಾಗೆ ಕೈ ಹಿಡಿಕೆ ಮಾಡಿದ್ಲು. ಕಾಳಮ್ಮ ಬೇಲಿ ಹತ್ರ ನಿಂತು, ಹೋದ ಮಗು ಇದನ್ನ ಹತ್ತಿ ಬರುತ್ತಾ ಅಕ್ಕ ಅಂದ್ಲಂತೆ. ದೇವೀರಮ್ಮ ಮುಂದಿನ ಇಟ್ಟಿಗೆ ಕೈಗೆ ತಗೊಂಡ್ಲು. ನೀರು ತಗ್ಗಿದ ಬೇಸಿಗೆಯ ನಾಲ್ಕು ತಿಂಗಳು ಮಂಡಿ ಊರಿ ಕಟ್ಟಿದ್ಲು.

ಒಂದಿನ ಎರಡು ಮನೆಯೋರೂ ಸೇರಿ ಆವಿಗೆ ತುಂಬ್ತಾ ಇದ್ರು. ಸೊಪ್ಪು ಸೌದೆ ಸದ್ದಲ್ಲಿ ಯಾರಿಗೂ ಏನೂ ಕೇಳ್ಲಿಲ್ಲ. ಕಾಳಮ್ಮನ ಮಗಳು ನಿಂಗಿ, ಮೂರು ವರ್ಷದ್ದು, ಹಿತ್ತಿಲ ಕಡೆಯಿಂದ ನಡ್ಕೊಂಡು ಬಂತು. ಲಂಗದಿಂದ ನೀರು ತೊಟ್ಟಿಕ್ತಾ ಇದೆ, ತಲೆಗೆ ಪಾಚಿ ಮೆತ್ತಿದೆ, ಉಗುರಲ್ಲಿ ಕೆಂಪು ಮಣ್ಣು. ದೇವೀರಮ್ಮನ ಸೀರೆ ಹಿಡ್ಕೊಂಡು, ದೊಡ್ಡಮ್ಮ ನಂಗೆ ಚಳಿ ಅಂತು.

ಕಾಳಮ್ಮ ಸೌದೆ ಅಲ್ಲೇ ಬಿಟ್ಟು ಮಗು ಮುಂದೆ ಕೂತ್ಲಂತೆ. ಹೊಂಡದ ಮೆಟ್ಟಿಲಿಂದ ಅಲ್ಲೀವರೆಗೂ ಪುಟ್ಟ ಪುಟ್ಟ ಒದ್ದೆ ಹೆಜ್ಜೆ ಮೂಡಿತ್ತು. ದೇವೀರಮ್ಮ ಸೆರಗಲ್ಲಿ ಮಗುವಿನ ತಲೆ ಒರೆಸಿ, ಅದನ್ನ ತಾಯಿ ಮಡಿಲಿಗೆ ಹಾಕಿ, ಆವಿಗೆ ಹಿಂದೆ ಹೋಗಿ ಕೂತು ಅತ್ಲಂತೆ. ಮುತ್ತಿ ಹೋದ ಮೇಲೆ ಅವಳು ಅತ್ತಿದ್ದು ಅದೇ ಮೊದಲು. ಸ್ವಲ್ಪ ಹೊತ್ತಾದ ಮೇಲೆ ಕಾಳಮ್ಮನೂ ಬಂದು ಪಕ್ಕದಲ್ಲಿ ಕೂತ್ಲು, ನನ್ನ ನಾಲಿಗೆ ಬಿದ್ದು ಹೋಗ್ಲಿ ಅಕ್ಕ ಅಂದ್ಲು. ಬಿದ್ದು ಹೋದ್ರೆ ಮಗೂನ ಯಾರು ಕೂಗಿ ಕರೀತಾರೆ, ಏಳು ಅಂದ್ಲಂತೆ ದೇವೀರಮ್ಮ.

ದೇವೀರಮ್ಮನಿಗೆ ಆಮೇಲೆ ಇನ್ನೊಂದು ಮಗು ಆಯ್ತಾ ಅಂತೀಯಾ? ಇಲ್ಲ, ಆಗ್ಲಿಲ್ಲವಂತೆ. ನಿಂಗಿ ಎರಡು ಮನೇಲೂ ಉಂಡು ದೊಡ್ಡವಳಾದ್ಲು. ಓರಗಿತ್ತಿಯರು ಇಬ್ಬರೂ ಇಟ್ಟಿಗೆ ಬುಟ್ಟಿ ಹೊತ್ಕೊಂಡು, ಯಾರ ಹಿತ್ತಿಲಲ್ಲಿ ನೀರು ನಿಂತಿದ್ರೆ ಅವರ ಮನೆಗೆ ಹೋಗಿ ಮೆಟ್ಟಿಲು ಕಟ್ಟಿ ಕೊಡೋರಂತೆ. ಆ ಸೀಮೇಲಿ ಹೊಂಡ ತೋಡಿದೋರು ಮೊದಲು ಮೆಟ್ಟಿಲು ಕಟ್ಟಿ ಆಮೇಲೇ ಹೂವು ನೆಡ್ತಿದ್ರಂತೆ.

ಅಲ್ಲಿಗೆ ಕತೆ ಆಯ್ತು. ಕಣ್ಣು ಮುಚ್ಕೋ, ನಾನು ಇಲ್ಲೇ ಇದ್ದೀನಿ.