ನಾಲ್ಕನೆಯವನ ಎಡಗೈ

"ಗುರುಗಳೇ, ದೇಶದ ತಂಡದಲ್ಲಿ ನಾಲ್ಕನೆಯವನಾಗಿ ಹೋಗುವುದು ಹೆಚ್ಚೋ, ಊರಿನಲ್ಲಿ ಮೊದಲನೆಯವನಾಗಿ ಇರುವುದು ಹೆಚ್ಚೋ?"

ಹೀಗೆ ಕೇಳಿದವನು ಸುಧನ್ವ. ಟೆನಿಸ್ ಕಲಿಸುವ ಒಬ್ಬ ಗುರುವಿನ ಶಿಷ್ಯ. ದೇಶದ ತಂಡಕ್ಕೆ ಆರಿಸಿದ ನಾಲ್ವರ ಪಟ್ಟಿ ಆ ಬೆಳಿಗ್ಗೆ ಬಂದಿತ್ತು. ಅವನ ಹೆಸರು ಕಡೆಯದು. ನಾಲ್ಕನೆಯವನು ತಂಡದ ಜೊತೆ ಹೋಗುತ್ತಾನೆ, ಉಳಿದವರಿಗೆ ಅಭ್ಯಾಸ ಮಾಡಿಸುತ್ತಾನೆ, ಅಂಕಣದ ಪಕ್ಕದ ಬೆಂಚಿನ ಮೇಲೆ ಕೂರುತ್ತಾನೆ, ಹಿಂದಿರುಗುತ್ತಾನೆ. ಆಡುವುದು ಅಪರೂಪ. ಆಡದವನ ಹೆಸರನ್ನು ತಂಡದ ಚರಿತ್ರೆಯಲ್ಲಿ ಬರೆಯುವುದಿಲ್ಲ. 'ಬರಲಾರೆ' ಎಂದು ಬರೆದ ಕಾಗದ ಸುಧನ್ವನ ಜೇಬಿನಿಂದ ಇಣುಕುತ್ತಿತ್ತು.

ಗುರುಗಳು ಅಂಕಣದ ಗೆರೆಗಳಿಗೆ ಸುಣ್ಣ ಬಳಿಯುತ್ತಿದ್ದರು. ಕುಂಚವನ್ನು ಡಬ್ಬಿಯಲ್ಲಿಟ್ಟು, "ಕೂತುಕೋ. ಆ ಕಾಗದಕ್ಕೇನು ಅವಸರ" ಎಂದರು. ಸುಧನ್ವ ಎಡಗೈಯಲ್ಲಿದ್ದ ರ‍್ಯಾಕೆಟ್ಟನ್ನು ತೊಡೆಯ ಮೇಲಿಟ್ಟುಕೊಂಡು ಕುಳಿತ. ಗುರುಗಳು ಕತೆ ಹೇಳಿದರು.

ಒಂದು ದೇಶವಿತ್ತು. ಅಲ್ಲಿಯ ಜನ ಟೆನಿಸ್ ಆಟವನ್ನು ತಡವಾಗಿ ಕಲಿತರು, ಕಲಿತ ಮೇಲೆ ಬಿಡಲಿಲ್ಲ. ವರ್ಷಕ್ಕೊಮ್ಮೆ ದೇಶದೇಶಗಳ ತಂಡಗಳು ಒಂದು ಬೆಳ್ಳಿಯ ಬಟ್ಟಲಿಗಾಗಿ ಸೆಣಸುತ್ತಿದ್ದವು. ಆ ದೇಶವೂ ತನ್ನ ತಂಡವನ್ನು ಕಳಿಸಿತು. ನಿಯಮ ಸುಲಭ. ಎರಡು ದೇಶಗಳು ಮೂರು ದಿನಗಳಲ್ಲಿ ಐದು ಪಂದ್ಯ ಆಡಬೇಕು, ನಾಲ್ಕು ಸಿಂಗಲ್ಸ್, ಒಂದು ಡಬಲ್ಸ್. ಮೂರನ್ನು ಗೆದ್ದ ದೇಶ ಮುಂದಿನ ಸುತ್ತಿಗೆ ಹೋಗುತ್ತದೆ. ಸೋತ ದೇಶ ಗಂಟುಮೂಟೆ ಕಟ್ಟುತ್ತದೆ.

ಮೊದಲ ವರ್ಷ ಮೂವರು ಹಡಗು ಹತ್ತಿ ಹೋದರು. ಐದಕ್ಕೆ ಐದೂ ಸೋತು ಬಂದರು. ಅವರನ್ನು ಎದುರುಗೊಳ್ಳಲು ಬಂದರಿಗೆ ಬಂದದ್ದು ಅವರ ಹೆಂಡಿರು ಮಾತ್ರ, ಅವರಲ್ಲೂ ಒಬ್ಬಳು ಬಂದಿರಲಿಲ್ಲ. ಮರುವರ್ಷವೂ ಅದೇ ಕತೆ. ಏಳನೆಯ ವರ್ಷ ಒಂದೇ ಒಂದು ಪಂದ್ಯ ಗೆದ್ದರು. ಆ ಒಂದಕ್ಕೆ ಊರೂರಿನಲ್ಲಿ ಸಕ್ಕರೆ ಹಂಚಿದರು. ನಗುವ ಮಾತಲ್ಲ ಇದು. ಸೋಲೇ ರೂಢಿಯಾದವರಿಗೆ ಒಂದು ಎಂಬುದು ದೊಡ್ಡ ಸಂಖ್ಯೆ. ಹದಿನೈದನೆಯ ವರ್ಷ ಮೊದಲ ಸಲ ಒಂದು ದೇಶವನ್ನು ಸೋಲಿಸಿದರು. ಇಪ್ಪತ್ತನೆಯ ವರ್ಷದ ಹೊತ್ತಿಗೆ ಸುತ್ತಲಿನ ದೇಶಗಳು ಇವರ ಹೆಸರು ಕೇಳಿದರೆ ಮುಖ ಸಣ್ಣದು ಮಾಡುತ್ತಿದ್ದವು.

ರಾಜಧಾನಿಯ ಕ್ಲಬ್ಬಿನ ಗೋಡೆಯಲ್ಲಿ ಒಂದು ಮರದ ಹಲಗೆ ಇತ್ತು. ವರ್ಷ, ಎದುರಾಳಿ, ಫಲಿತಾಂಶ, ಆಡಿದವರ ಹೆಸರು. ಎಲ್ಲವನ್ನೂ ಬಿಳಿಯ ಬಣ್ಣದಲ್ಲಿ ಬರೆಸುತ್ತಿದ್ದರು. ಅದೇ ಆ ತಂಡದ ಚರಿತ್ರೆ.

ಅಂಥ ತಂಡಕ್ಕೆ ಆರು ವರ್ಷ ಒಬ್ಬ ಮನುಷ್ಯ ಅಡ್ಡಗೋಡೆಯಾಗಿ ನಿಂತ. ಎದುರು ದೇಶದ ಆ ಆಟಗಾರ ಎಡಚ. ಎಡಗೈಯಿಂದ ಅವನು ಸರ್ವ್ ಮಾಡಿದ ಚೆಂಡು ನೆಲಕ್ಕೆ ಬಿದ್ದ ಮೇಲೆ ಎದುರಾಳಿಯ ಎಡಕ್ಕೆ ಜಾರಿ ಅಂಕಣದ ಆಚೆಗೆ ಓಡುತ್ತಿತ್ತು. ಬೆನ್ನಟ್ಟಿ ಹೋದವನು ತಿರುಗಿ ಬರುವಷ್ಟರಲ್ಲಿ ಕೆಲಸ ಮುಗಿದಿರುತ್ತಿತ್ತು. ಎರಡು ಸಿಂಗಲ್ಸ್ ಅವನೇ ಆಡುತ್ತಿದ್ದ, ಡಬಲ್ಸ್‌ನಲ್ಲೂ ಅವನೇ ಇರುತ್ತಿದ್ದ. ಐದರಲ್ಲಿ ಮೂರನ್ನು ಅವನೇ ತಿಂದುಹಾಕುತ್ತಿದ್ದ. ಹಲಗೆಯ ಮೇಲೆ ಆರು ಸಲ ಒಂದೇ ಫಲಿತಾಂಶ ಏರಿತು. ಎರಡು ಗೆಲುವು, ಮೂರು ಸೋಲು.

ತಂಡದ ನಾಯಕನಿಗೆ ಕಡೆಗೊಂದು ಸಂಗತಿ ಹೊಳೆಯಿತು. ತನ್ನ ಆಟಗಾರರು ಎಡಗೈ ಆಟವನ್ನು ನೋಡುವುದು ವರ್ಷಕ್ಕೆ ಮೂರೇ ದಿನ. ಅಭ್ಯಾಸಕ್ಕೆ ಒಬ್ಬ ಎಡಚ ಸಿಕ್ಕರೆ ಕಣ್ಣು ಪಳಗುತ್ತದೆ. ದೇಶದ ಎಲ್ಲ ಕ್ಲಬ್ಬುಗಳಿಗೂ ಕಾಗದ ಹೋಯಿತು. ಎಲ್ಲ ಕಡೆಯಿಂದಲೂ ಒಂದೇ ಉತ್ತರ ಬಂತು, ಅದೂ ಬೀಗಿಕೊಂಡು: 'ನಮ್ಮಲ್ಲಿ ಅಂಥ ಕೆಟ್ಟ ಅಭ್ಯಾಸದವರು ಯಾರೂ ಇಲ್ಲ.'

ಇರುವುದಾದರೂ ಹೇಗೆ? ಆ ದೇಶದಲ್ಲಿ ಮಗು ಎಡಗೈಯಿಂದ ತುತ್ತು ಎತ್ತಿದರೆ ತಾಯಿ ಹೊಡೆಯುತ್ತಿದ್ದಳು. ಎಡಗೈಯಲ್ಲಿ ಬಳಪ ಹಿಡಿದರೆ ಮೇಷ್ಟ್ರು ಗೆಣ್ಣಿಗೆ ಬಾರಿಸುತ್ತಿದ್ದರು. ಎಡಗೈಯಿಂದ ಕೊಟ್ಟದ್ದನ್ನು ಅಂಗಡಿಯವನು ಮುಟ್ಟುತ್ತಿರಲಿಲ್ಲ. ಹುಟ್ಟಾ ಎಡಚರಾದವರೆಲ್ಲ ಶಾಲೆ ಮುಗಿಸುವಷ್ಟರಲ್ಲಿ ಬಲಗೈಯವರಾಗಿರುತ್ತಿದ್ದರು. ಇಡೀ ದೇಶ ತನ್ನ ಎಡಗೈಯನ್ನು ತಾನೇ ಬಡಿದು ಮಲಗಿಸಿತ್ತು. ಆಮೇಲೆ ಒಬ್ಬ ಎಡಚನ ಮುಂದೆ ಕಣ್ಣು ಕಣ್ಣು ಬಿಡುತ್ತಿತ್ತು.

ತಂಡದ ನಾಲ್ಕನೆಯವನು ಈ ಉತ್ತರಗಳನ್ನೆಲ್ಲ ಕೇಳಿಸಿಕೊಂಡ. ಅವನು ನಾಲ್ಕನೆಯವನಾಗಿ ಐದು ವರ್ಷವಾಗಿತ್ತು. ಕ್ಲಬ್ಬಿನ ಹಲಗೆಯ ಮುಂದೆ ಹಾದುಹೋಗುವಾಗ, ಯಾರೂ ಗಮನಿಸುತ್ತಿಲ್ಲವೆಂದು ನೋಡಿಕೊಂಡು ಒಮ್ಮೆ ತಲೆಯೆತ್ತುತ್ತಿದ್ದ. ಈ ವರ್ಷ ನಾಯಕ ಅವನಿಗೆ ಡಬಲ್ಸ್ ಕೊಡುತ್ತೇನೆಂದು ಮಾತು ಕೊಟ್ಟಿದ್ದ. ಅವನ ಹೆಸರು ಕಡೆಗೂ ಹಲಗೆಯ ಮೇಲೆ ಬರುವುದಿತ್ತು. ಅದನ್ನು ಅವನು ತಾಯಿಗೆ ಹೇಳಿಯಾಗಿತ್ತು. ತಾಯಿ ಕೇರಿಗೆಲ್ಲ ಹೇಳಿಯಾಗಿತ್ತು.

ಅವನು ಹುಟ್ಟಾ ಎಡಚ. ತಂಡದಲ್ಲಿ ಯಾರಿಗೂ ಇದು ಗೊತ್ತಿರಲಿಲ್ಲ. ಚಿಕ್ಕಂದಿನಲ್ಲಿ ಊಟಕ್ಕೆ ಕೂತಾಗ ತಾಯಿ ಹಳೆಯ ಸೀರೆಯನ್ನು ಹರಿದು, ಆ ಪಟ್ಟಿಯಿಂದ ಅವನ ಎಡಗೈಯನ್ನು ಸೊಂಟಕ್ಕೆ ಕಟ್ಟುತ್ತಿದ್ದಳು. ಏಳು ವರ್ಷ ತುಂಬುವವರೆಗೂ ಕಟ್ಟಿದಳು. ಆಮೇಲೆ ಕಟ್ಟುವ ಅಗತ್ಯ ಬೀಳಲಿಲ್ಲ.

ಸುಮ್ಮನಿದ್ದಿದ್ದರೆ ಅವನನ್ನು ಕೇಳುವವರು ಇರಲಿಲ್ಲ. ಎರಡು ದಿನ ಸುಮ್ಮನೆ ಇದ್ದೂ ಇದ್ದ. ಮೂರನೆಯ ದಿನ ನಾಯಕನ ಮುಂದೆ ಹೋಗಿ ನಿಂತ.

"ನಾನು ಎಡಚ ಆಗಿದ್ದೆ ಸಾರ್" ಎಂದ.

ನಾಯಕ ಅವನನ್ನು ಮೇಲಿಂದ ಕೆಳಗೆ ನೋಡಿದ. "ಆ ಕೈ ಇನ್ನೂ ಏಳುತ್ತೇನಯ್ಯಾ?"

"ಎಬ್ಬಿಸಿ ನೋಡ್ತೀನಿ."

"ನಾಲ್ಕು ತಿಂಗಳು ಎಡಗೈಲೇ ಆಡಬೇಕಾಗುತ್ತೆ. ಬಲಗೈ ಆಟ ಕೆಡುತ್ತೆ. ಡಬಲ್ಸ್ ಮೂರನೆಯವನಿಗೆ ಹೋಗುತ್ತೆ. ಕೊಟ್ಟ ಮಾತು ನಾನೇ ಮುರಿದ ಹಾಗಾಗುತ್ತೆ. ಯೋಚನೆ ಮಾಡು."

"ಎರಡು ದಿನ ಅದನ್ನೇ ಮಾಡಿದೆ ಸಾರ್" ಎಂದ ನಾಲ್ಕನೆಯವನು.

ಅಂದಿನಿಂದ ಅವನು ತಾಯಿಯ ಕಣ್ಣು ತಪ್ಪಿಸಿ ಹಲ್ಲುಜ್ಜಿದ್ದು ಎಡಗೈಯಲ್ಲಿ. ತಲೆ ಬಾಚಿದ್ದು, ಬಾಗಿಲ ಚಿಲಕ ಹಾಕಿದ್ದು, ಬಾವಿಯಿಂದ ನೀರು ಸೇದಿದ್ದು ಎಲ್ಲ ಎಡಗೈಯಲ್ಲಿ. ಅಂಕಣದಲ್ಲಿ ಮೊದಲ ವಾರ ಒಂದು ಚೆಂಡೂ ನೆಟ್ ದಾಟಲಿಲ್ಲ. ಎರಡನೆಯ ವಾರ ದಾಟಿದ ಚೆಂಡುಗಳು ಬೇಲಿಯನ್ನೂ ದಾಟಿದವು. ಅಂಕಣಕ್ಕೆ ನೀರು ಹಾಕುವವನು ಪೈಪು ಹಿಡಿದುಕೊಂಡೇ ನಕ್ಕ. ನಾಲ್ಕನೆಯವನು ತಲೆ ಕೆಡಿಸಿಕೊಳ್ಳಲಿಲ್ಲ. ಆ ಎಡಚನ ಸರ್ವ್ ಹೇಗಿರುತ್ತದೆ ಎಂಬುದು ಅವನಿಗೆ ಗೊತ್ತಿದ್ದಷ್ಟು ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ಉಳಿದವರು ಅದರ ಹಿಂದೆ ಓಡಿದ್ದರು. ಬೆಂಚಿನ ಮೇಲೆ ಕೂತು ಐದು ವರ್ಷ ಅದನ್ನು ನೋಡಿದವನು ಅವನೊಬ್ಬನೇ. ಚೆಂಡನ್ನು ಎಷ್ಟು ಎತ್ತರಕ್ಕೆ ತೂರುತ್ತಾನೆ, ಯಾವ ಕಾಲನ್ನು ಮೊದಲು ಎಳೆದುಕೊಳ್ಳುತ್ತಾನೆ, ದಣಿದಾಗ ಭುಜ ಹೇಗೆ ಇಳಿಯುತ್ತದೆ, ಎಲ್ಲವೂ ಅವನ ಕಣ್ಣಿನಲ್ಲಿತ್ತು. ಅದನ್ನು ಕೈಗೆ ಇಳಿಸಬೇಕಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಊಟಕ್ಕೆ ಕೂತಾಗ ಅವನು ಎಡಗೈಯನ್ನು ತೊಡೆಯ ಕೆಳಗೆ ಅಡಗಿಸಿಕೊಂಡ. ತಾಯಿ ಹಿಡಿದು ಎಳೆದಳು. ಅಂಗೈ ತುಂಬ ಬೊಬ್ಬೆ ಎದ್ದು ಒಡೆದಿತ್ತು.

"ಏನೋ ಇದು, ಎಡಗೈ?" ಎಂದಳು.

ಅವನು ಎಲ್ಲವನ್ನೂ ಹೇಳಿದ. ಡಬಲ್ಸ್ ಕೈತಪ್ಪಿದ್ದನ್ನೂ ಹೇಳಿದ. ತಾಯಿ ಎದ್ದು ಒಳಗೆ ಹೋದಳು. ಬಟ್ಟೆ ಹರಿಯುವ ಸದ್ದಾಯಿತು. ಹಳೆಯ ಸೀರೆಯ ಪಟ್ಟಿ ತಂದು, ಅಂಗೈಗೆ ಎಣ್ಣೆ ಹಚ್ಚಿ, ಬಿಗಿಯಾಗಿ ಸುತ್ತಿ ಗಂಟು ಹಾಕಿದಳು.

"ಆವತ್ತು ಕಟ್ಟಿದ್ದೂ ನಾನೇ, ಇವತ್ತು ಕಟ್ಟೋದೂ ನಾನೇ. ಆವತ್ತು ಗೊತ್ತಾಗಲಿಲ್ಲ ಕಣಪ್ಪ. ಹೋಗು, ಹೊಡಿ. ಕೇರಿಯವರಿಗೆ ನಾನು ಹೇಳ್ಕೋತೀನಿ" ಎಂದಳು.

ಆ ಮಧ್ಯಾಹ್ನ ನಾಲ್ಕನೆಯವನು ಹೊಡೆದ ಸರ್ವ್ ನೆಲಕ್ಕೆ ಬಿದ್ದು, ಎಡಕ್ಕೆ ಜಾರಿ, ಅಂಕಣದ ಆಚೆಗೆ ಓಡಿತು. ತಂಡದ ಮೊದಲನೆಯವನು ಅದರ ಹಿಂದೆ ಓಡಿ ಬೇಲಿಗೆ ಡಿಕ್ಕಿ ಹೊಡೆದ. ಎದ್ದು ಮೈ ಕೊಡವಿಕೊಂಡು, "ಇನ್ನೊಂದು ಹಾಕು" ಎಂದ. ನಾಲ್ಕನೆಯವನು ಹಾಕಿದ. ದಿನಕ್ಕೆ ಮುನ್ನೂರು ಹಾಕಿದ. ನಾಯಕ ಒಮ್ಮೆ ಅವನ ಕೈಯನ್ನೇ ನೋಡುತ್ತ ನಿಂತು, "ಈ ಕೈನ ಚಿಕ್ಕಂದಿನಿಂದ ಬಿಟ್ಟಿದ್ರೆ ಇವತ್ತು ಅವರು ನಮ್ಮನ್ನು ನೋಡಿ ಹೆದರ್ತಿದ್ರು" ಎಂದ. ಎಡಗೈಗೆ ಸರ್ವ್ ಒಂದೇ ಬಂದಿತ್ತು. ಓಡುತ್ತ ಆಡುವ ಆಟ ನಾಲ್ಕು ತಿಂಗಳಲ್ಲಿ ಬರುವಂಥದ್ದಲ್ಲ. ಬಲಗೈಯ ಆಟವೋ, ಅಷ್ಟು ಹೊತ್ತಿಗೆ ಮುನಿಸಿಕೊಂಡು ಹೋಗಿಬಿಟ್ಟಿತ್ತು.

ಎಡಚನೊಡನೆ ಏಳನೆಯ ವರ್ಷದ ಸೆಣಸು ಅವರ ರಾಜಧಾನಿಯಲ್ಲೇ ನಡೆಯಿತು. ಮೊದಲ ದಿನ ಎಡಚ ಒಂದು ಪಂದ್ಯ ಗೆದ್ದ, ಇವರು ಒಂದು ಗೆದ್ದರು. ಎರಡನೆಯ ದಿನ ಡಬಲ್ಸ್. ನಾಲ್ಕನೆಯವನ ಜಾಗದಲ್ಲಿ ಮೂರನೆಯವನು ಆಡಿದ. ಸೋತರು. ಬೆಂಚಿನ ಮೇಲೆ ಕೂತಿದ್ದ ನಾಲ್ಕನೆಯವನು, ನಾನಿದ್ದಿದ್ದರೆ ಎಂದುಕೊಂಡ. ನಾಲ್ಕು ತಿಂಗಳನ್ನು ನೀರಿಗೆ ಹಾಕಿದೆ ಎಂದೂ ಅಂದುಕೊಂಡ. ಹಾಗೆ ಅಂದುಕೊಳ್ಳದಿರಲು ಅವನೇನು ಸಂನ್ಯಾಸಿಯೇ?

ಮೂರನೆಯ ದಿನ ಮೊದಲನೆಯವನೂ ಎಡಚನೂ ಎದುರುಬದುರಾದರು. ಇದನ್ನು ಸೋತರೆ ಏಳನೆಯ ಸಲವೂ ಅದೇ ಕತೆ. ಎಡಚ ಚೆಂಡು ತೂರಿದ. ಅವನ ರ‍್ಯಾಕೆಟ್ ಚೆಂಡಿಗೆ ತಗಲುವ ಮೊದಲೇ ಮೊದಲನೆಯವನು ಎಡಕ್ಕೆ ಒಂದು ಹೆಜ್ಜೆ ಸರಿದಿದ್ದ. ಜಾರಿ ಬಂದ ಚೆಂಡು ನೇರ ಅವನ ರ‍್ಯಾಕೆಟ್ಟಿಗೆ ಬಂತು. ಬಂದ ದಾರಿಯಲ್ಲೇ ಹಿಂದಕ್ಕೆ ಹೋಯಿತು. ಎಡಚ ನಿಂತು ನೋಡಿದ. ಆರು ವರ್ಷಗಳಲ್ಲಿ ಅವನು ಹಾಗೆ ನಿಂತು ನೋಡಿದ್ದು ಅದೇ ಮೊದಲು. ಐದು ಸೆಟ್ ನಡೆಯಿತು. ಕಡೆಯ ಸೆಟ್ಟಿನಲ್ಲಿ ಎಡಚನ ಭುಜ ಇಳಿಯಿತು. ಇಳಿಯುತ್ತದೆ ಎಂದು ಮೊದಲನೆಯವನಿಗೆ ಗೊತ್ತಿತ್ತು, ಯಾಕೆಂದರೆ ನಾಲ್ಕನೆಯವನು ಅದನ್ನೂ ಕಲಿಸಿದ್ದ. ಮೊದಲನೆಯವನು ಗೆದ್ದ. ಅದರ ಹಿಂದೆಯೇ ಎರಡನೆಯವನು ಕೊನೆಯ ಪಂದ್ಯ ಗೆದ್ದ. ಮೂರು ಗೆಲುವು, ಎರಡು ಸೋಲು. ಜನ ಬೇಲಿ ಮುರಿದು ಒಳಗೆ ನುಗ್ಗಿದರು.

ಎಡಚ ಒಳ್ಳೆಯ ಆಟಗಾರ. ಸೋತದ್ದಕ್ಕೆ ಮುಖ ಗಂಟು ಹಾಕಿಕೊಳ್ಳಲಿಲ್ಲ. ಮೊದಲನೆಯವನ ಬಳಿ ಬಂದು, "ನನ್ನ ಸರ್ವ್ ನಿನಗೆ ಯಾರು ತೋರಿಸಿಕೊಟ್ಟರು?" ಎಂದು ಕೇಳಿದ. ಮೊದಲನೆಯವನು ಬೆಂಚಿನ ಕಡೆ ಬೆರಳು ಮಾಡಿದ. ಎಡಚ ಜನರನ್ನು ಸರಿಸಿಕೊಂಡು ಬೆಂಚಿನ ಹತ್ತಿರ ಹೋದ. ನಾಲ್ಕನೆಯವನ ಮುಂದೆ ನಿಂತು ಕೈ ಚಾಚಿದ. ಎಡಗೈ.

ಆ ದೇಶದಲ್ಲಿ ಎಡಗೈ ಚಾಚುವುದು ಮುಖಕ್ಕೆ ಉಗುಳಿದ ಹಾಗೆ. ನಾಲ್ಕನೆಯವನ ಬಲಗೈ ತಾನಾಗಿ ಮೇಲೆದ್ದಿತು. ಅವನು ಅದನ್ನು ಇಳಿಸಿದ. ಸೀರೆಯ ಪಟ್ಟಿ ಸುತ್ತಿದ್ದ ಎಡಗೈಯನ್ನು ಎಲ್ಲರ ಮುಂದೆ ಚಾಚಿದ. ಹುಟ್ಟಿದಾಗಿನಿಂದ ಅವನಿಗೆ ಆ ಕೈಯ ಬಗ್ಗೆ ನಾಚಿಕೆ ಇತ್ತು. ಆ ಗಳಿಗೆಯಲ್ಲಿ ಹೆಮ್ಮೆಯೊಂದೇ ಇತ್ತು.

ಯಾರೋ ಚಿತ್ರ ತೆಗೆದರು. ಮರುದಿನ ಪತ್ರಿಕೆಯಲ್ಲಿ ಬಂತು. ಚಿತ್ರದ ಕೆಳಗೆ ಎಡಚನ ಹೆಸರಿತ್ತು. ಇನ್ನೊಬ್ಬನ ಹೆಸರು ಗೊತ್ತಾಗದೆ 'ತಂಡದ ಸದಸ್ಯ' ಎಂದು ಹಾಕಿದ್ದರು. ಜನ ಅದನ್ನು ಕತ್ತರಿಸಿ ಕ್ಷೌರದಂಗಡಿಯಲ್ಲಿ, ಹೋಟೆಲಿನಲ್ಲಿ, ಶಾಲೆಯಲ್ಲಿ ಅಂಟಿಸಿದರು. ಒಂದು ಶಾಲೆಯಲ್ಲಿ ಮೇಷ್ಟ್ರು ಬೆತ್ತ ಎತ್ತಿದಾಗ ಒಬ್ಬಳು ಹುಡುಗಿ ಬಳಪ ಹಿಡಿದ ಎಡಗೈಯಿಂದಲೇ ಗೋಡೆಯ ಮೇಲಿನ ಚಿತ್ರ ತೋರಿಸಿದಳು. ಮೇಷ್ಟ್ರು ಅದನ್ನು ನೋಡಿದರು. ಬೆತ್ತ ಇಳಿಸಿ ಪಾಠ ಮುಂದುವರಿಸಿದರು.

ಗುರುಗಳು ಅಲ್ಲಿಗೆ ನಿಲ್ಲಿಸಿ ಸುಣ್ಣದ ಡಬ್ಬಿಯನ್ನು ಕಲಕತೊಡಗಿದರು.

"ಆಮೇಲೆ ಅವನು ಆಡಿದನೇ?" ಎಂದು ಸುಧನ್ವ ಕೇಳಿದ.

"ಇಲ್ಲ. ಬಲಗೈ ಆಟ ಹಿಂದಿರುಗಲಿಲ್ಲ. ಹಲಗೆಯ ಮೇಲೆ ಅವನ ಹೆಸರು ಇಂದಿಗೂ ಇಲ್ಲ."

"ಹಾಗಾದರೆ ಅವನು ಮಾಡಿದ್ದು ಎಲ್ಲಿ ಉಳಿಯಿತು ಗುರುಗಳೇ?"

ಗುರುಗಳು ಅವನ ತೊಡೆಯ ಮೇಲಿದ್ದ ರ‍್ಯಾಕೆಟ್ಟನ್ನೂ ಅದನ್ನು ಹಿಡಿದಿದ್ದ ಕೈಯನ್ನೂ ನೋಡಿ ಕೇಳಿದರು: "ಸುಧನ್ವ, ಚಿಕ್ಕಂದಿನಲ್ಲಿ ನಿನ್ನ ಎಡಗೈಗೆ ಒಂದಾದರೂ ಪೆಟ್ಟು ಬಿದ್ದಿತ್ತೇ?"